ಬೆಲ್ಲದ ಪಾಕದ ಹದ

ಕಲಬುರಗಿಯ ಬೇಸಿಗೆಯಲ್ಲಿ ಪಾನಕಕ್ಕಾಗಲಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಸೀಕರಣೆಗಾಗಲಿ ಬೆಲ್ಲದ ಪಾಕವು ಸಿದ್ಧವಾಗಿದ್ದರೆ ಅನುಕೂಲ. ಆದರೆ ಒಂದು ಮನೆಯ ಪಾಕವು ಕೆಲವೇ ದಿನಗಳಲ್ಲಿ ಹುಳಿಯುತ್ತದೆ. ಇನ್ನೊಂದು ಮನೆಯದು ಸೀಸೆಯ ತಳದಲ್ಲಿ ಹರಳುಗಟ್ಟುತ್ತದೆ. ಇದಕ್ಕೆ ಕಾರಣವೇನು?

ಬೆಲ್ಲದ ಬಹುಭಾಗವು ಸುಕ್ರೋಸ್ ಎಂಬ ಸಕ್ಕರೆ. ತೆಳುವಾದ ಪಾಕದಲ್ಲಿ ಯೀಸ್ಟ್ ಮೊದಲಾದ ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ನೀರು ದೊರೆಯುವುದರಿಂದ ಅವು ವೃದ್ಧಿಹೊಂದುತ್ತವೆ. ಸಾಂದ್ರವಾದ ಪಾಕವಾದರೋ ಅವುಗಳ ಮೈಯೊಳಗಿನ ನೀರನ್ನೇ ಹೊರಕ್ಕೆಳೆಯುತ್ತದೆ. ಸಾಂದ್ರತೆಗೂ ಒಂದು ಮಿತಿಯುಂಟು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸುಕ್ರೋಸನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ಮಿಕ್ಕದ್ದು ತಣಿದಾಗ ಹರಳಾಗಬಹುದು. ಆದ್ದರಿಂದ ತೂಕದಲ್ಲಿ ಎರಡು ಪಾಲು ಬೆಲ್ಲಕ್ಕೆ ಒಂದು ಪಾಲು ನೀರು ಉಳಿಯುವುದೇ ತಕ್ಕ ಹದ.

ಈ ಹದವನ್ನು ಉಷ್ಣತಾಮಾಪಕವು ತೋರಿಸಬಲ್ಲದು. ಸಕ್ಕರೆ ಕರಗಿದಷ್ಟೂ ನೀರಿನ ಕುದಿಬಿಂದು ಏರುತ್ತದೆ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಬರಿಯ ನೀರು 98.5 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ; ನಮ್ಮ ಪಾಕವು ಅದಕ್ಕಿಂತ ಸುಮಾರು 4 ಡಿಗ್ರಿ ಮೇಲೆ. ಮೊದಲು ನೀರಿನ ಕುದಿಬಿಂದುವನ್ನು ಅಳೆಯೋಣ. ಅನಂತರ ಬೆಲ್ಲವನ್ನು ಕರಗಿಸಿ, ಸೋಸಿ, ಆ 4 ಡಿಗ್ರಿ ಏರುವವರೆಗೆ ಕುದಿಸಿ, ಒಣಗಿದ ಶುಭ್ರ ಸೀಸೆಗೆ ತುಂಬೋಣ. ಬೆರಳುಗಳ ನಡುವೆ ಪಾಕದ ಎಳೆ ನೋಡುವ ನಮ್ಮ ತಾಯಂದಿರು ಅಳೆಯುವುದೂ ಈ ಸಾಂದ್ರತೆಯನ್ನೇ ಅಲ್ಲವೇ?