ಸಕ್ಕರೆ ಅಚ್ಚು: ದೊಡ್ಡಜ್ಜಿಯ ಕಿವಿ, ಮೊಮ್ಮಗಳ ಕಣ್ಣು

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಹುಣಸೂರಿನ ಅಂಗಡಿಗಳ ಮುಂದೆ ಎಳ್ಳು-ಬೆಲ್ಲದ ಪೊಟ್ಟಣಗಳು ಬಂದು ಕೂರುತ್ತವೆ. ಪಕ್ಕದಲ್ಲೇ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಸಕ್ಕರೆ ಅಚ್ಚು. ಬಿಳಿ, ಹಳದಿ, ಗುಲಾಬಿ ಬಣ್ಣದ ಆನೆ, ನವಿಲು, ತುಳಸಿಕಟ್ಟೆ, ಕಳಶ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿನ ಪೇಟೆ ಬೀದಿಗೆ ಹೋದರೂ ಇದೇ ನೋಟ. ದುಡ್ಡು ಕೊಟ್ಟು ಡಬ್ಬಿ ಕೈಗೆತ್ತಿಕೊಂಡರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಅದನ್ನೇ ಮನೆಯಲ್ಲಿ ಮಾಡಲು ಹೊರಟರೆ ಎರಡು ದಿನ ಬೇಕು. ಬೇಕಾಗುವ ಸಾಮಾನು ಮಾತ್ರ ಬಹಳ ಕಡಿಮೆ. ಸಕ್ಕರೆ, ನೀರು, ಸ್ವಲ್ಪ ಹಾಲು, ನಾಲ್ಕು ಹನಿ ನಿಂಬೆರಸ, ಮರದ ಅಚ್ಚು. ಇಷ್ಟರಿಂದಲೇ ಕಣ್ಣು, ರೆಕ್ಕೆ, ಕೊಕ್ಕು ಎಲ್ಲ ಮೂಡಿದ ಒಂದು ಗಿಳಿ ಹೇಗೆ ಹುಟ್ಟುತ್ತದೆ ಎಂಬುದು ತಿಳಿಯಬೇಕಾದರೆ ಒಲೆಯ ಹತ್ತಿರ ನಿಂತು ನೋಡಬೇಕು. ಮಕ್ಕಳೇ, ಬನ್ನಿ. ಅಜ್ಜ-ಅಜ್ಜಿಯರೇ, ನೀವೂ ಬನ್ನಿ, ನೀವಿಲ್ಲದೆ ಈ ಕೆಲಸ ಆಗದು.

ನಾಲ್ಕು ಊರು, ಒಂದು ಗಂಟು

ನಾವು ನಾಲ್ವರು ಅಕ್ಕತಂಗಿಯರು. ದೊಡ್ಡಕ್ಕನನ್ನು ಪಿರಿಯಾಪಟ್ಟಣಕ್ಕೆ ಕೊಟ್ಟರು, ಎರಡನೆಯವಳನ್ನು ಕೆ.ಆರ್. ನಗರಕ್ಕೆ. ನಾನು ಹುಣಸೂರಿಗೆ ಬಂದೆ, ಕೊನೆಯ ತಂಗಿ ಎಚ್.ಡಿ. ಕೋಟೆ ಸೇರಿದಳು. ನಮ್ಮಮ್ಮನ ಹತ್ತಿರ ಇಪ್ಪತ್ತು ಜೊತೆ ಮರದ ಅಚ್ಚುಗಳಿದ್ದವು. ಅಮ್ಮ ಅವನ್ನು ನಾಲ್ವರಿಗೂ ಐದೈದರಂತೆ ಹಂಚಿದರು. ಗಿಳಿ ಅಕ್ಕನ ಪಾಲಿಗೆ ಹೋಯಿತು, ತುಳಸಿಕಟ್ಟೆ ಕೆ.ಆರ್. ನಗರಕ್ಕೆ, ಆನೆ ನನಗೆ, ಮೀನು ಕೋಟೆಯ ತಂಗಿಗೆ. ಯಾರ ಮನೆಯಲ್ಲೂ ಪೂರ್ತಿ ಗಂಟು ಇಲ್ಲ. ಆದ್ದರಿಂದ ಪ್ರತಿ ವರ್ಷ ಹಬ್ಬಕ್ಕೆ ವಾರ ಮುಂಚೆ ನಾಲ್ವರೂ ತಂತಮ್ಮ ಅಚ್ಚುಗಳನ್ನು ಚೀಲಕ್ಕೆ ಹಾಕಿಕೊಂಡು ಒಬ್ಬರ ಮನೆಯಲ್ಲಿ ಸೇರಲೇಬೇಕು. ಅಮ್ಮ ಬೇಕೆಂದೇ ಹೀಗೆ ಹಂಚಿದರೋ ಏನೋ, ಕೇಳಲು ಈಗ ಅವರಿಲ್ಲ.

ಕೆಲಸವನ್ನೂ ನಾವು ಹಂಚಿಕೊಂಡಿದ್ದೆವು. ಅಚ್ಚು ತೊಳೆದು ನೆನೆಸುವುದು ತಂಗಿಯದು. ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುವುದು ನನ್ನದು. ಬಿಚ್ಚಿ, ಗೊಂಬೆ ತೆಗೆದು, ಬಟ್ಟೆಯ ಮೇಲೆ ಸಾಲಾಗಿ ಇಡುವುದು ಕೆ.ಆರ್. ನಗರದವಳದು. ಪಾಕ ಮಾತ್ರ ಯಾವಾಗಲೂ ಅಕ್ಕನದೇ. ಸೌಟನ್ನು ಒಮ್ಮೆ ಎತ್ತಿ ನೋಡಿದರೆ ಸಾಕು, ಅವರಿಗೆ ಗೊತ್ತಾಗುತ್ತಿತ್ತು.

ಸಕ್ಕರೆ ಅಚ್ಚು ಹಾಕುವ ಬಗೆ

ಮೊದಲು ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಬೇಕು. ರಾತ್ರಿಯೇ ಹಾಕಿಟ್ಟರೆ ಒಳ್ಳೆಯದು. ಮರ ನೀರು ಕುಡಿದಿದ್ದರೆ ಸಕ್ಕರೆ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಎಣ್ಣೆ, ತುಪ್ಪ ಯಾವುದನ್ನೂ ಸವರಬೇಡಿ. ಬೆಳಿಗ್ಗೆ ನೀರು ಕೊಡವಿ, ಎರಡು ಹೋಳುಗಳನ್ನು ಸರಿಯಾಗಿ ಕೂಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಪಾಕ ಹುಯ್ಯುವ ಬಾಯಿ ಮೇಲೆ ಬರುವಂತೆ ತಟ್ಟೆಯಲ್ಲಿ ನಿಲ್ಲಿಸಿ.

ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು ಸಾಕು, ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆಯೇ ಇರಲಿ. ಸಕ್ಕರೆ ಕರಗಿ ಕುದಿ ಬಂದಾಗ ನಾಲ್ಕು ಚಮಚ ಹಾಲು ಹಾಕಿ. ಹಾಲು ಒಡೆದು, ಸಕ್ಕರೆಯಲ್ಲಿರುವ ಕಸವನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ತೇಲುತ್ತದೆ. ಆ ನೊರೆ ತೆಗೆದು, ತೆಳು ಬಿಳಿ ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿನೀರಿನಂತಾಗುತ್ತದೆ. ಅಚ್ಚು ಎಷ್ಟು ಬೆಳ್ಳಗೆ ಬರುತ್ತದೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಸೋಸಿದ ಪಾಕವನ್ನೆಲ್ಲ ಒಟ್ಟಿಗೆ ಒಲೆಗೆ ಏರಿಸಬೇಡಿ. ಸಣ್ಣ ಬಾಣಲೆಗೆ ಒಂದು ಲೋಟದಷ್ಟು ಮಾತ್ರ ಹಾಕಿ, ಎರಡು ಮೂರು ಹನಿ ನಿಂಬೆರಸ ಬಿಟ್ಟು ಕುದಿಸಿ. ಬೆರಳ ನಡುವೆ ಒಂದೆಳೆ ಚೆನ್ನಾಗಿ ನಿಂತು, ಎರಡೆಳೆಗೆ ತಿರುಗುವ ಹೊತ್ತಿಗೆ ಕೆಳಗಿಳಿಸಿ ಬಿರುಸಾಗಿ ತಿರುವಬೇಕು. ತಿಳಿಯಾಗಿದ್ದ ಪಾಕ ಅಂಚಿನಿಂದ ಮಬ್ಬಾಗುತ್ತ, ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ಷಣದಲ್ಲೇ ಅಚ್ಚಿಗೆ ಹುಯ್ಯಬೇಕು. ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ. ಹುಯ್ದ ಮೇಲೆ ಐದರಿಂದ ಹತ್ತು ನಿಮಿಷ ಬಿಟ್ಟು, ಬ್ಯಾಂಡ್ ಬಿಚ್ಚಿ, ಮೆಲ್ಲಗೆ ಹೋಳು ಬೇರೆ ಮಾಡಿದರೆ ಗೊಂಬೆ ಸಿದ್ಧ. ನೆರಳಿನಲ್ಲಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಮಕ್ಕಳೇ, ಒಂದು ಎಚ್ಚರಿಕೆ. ಕುದಿವ ನೀರಿಗಿಂತ ಕುದಿವ ಪಾಕ ಹೆಚ್ಚು ಬಿಸಿ. ಮೈಮೇಲೆ ಬಿದ್ದರೆ ಅಲ್ಲೇ ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಬಾಣಲೆ ದೊಡ್ಡವರ ಕೈಯಲ್ಲಿರಲಿ. ನೀವು ಒಂದು ಮಾರು ದೂರ ನಿಂತು ನೋಡಿ. ಬೇಕಾದಷ್ಟು ಕೆಲಸ ನಿಮಗೂ ಇದೆ.

ಕಲ್ಲುಸಕ್ಕರೆ ಮತ್ತು ಸಕ್ಕರೆ ಅಚ್ಚು

ತಿಳಿಯಾದ ಪಾಕ ತಿರುವಿದರೆ ಬೆಳ್ಳಗಾಗುವುದೇಕೆ? ಬಿಸಿ ನೀರು ತಣ್ಣೀರಿಗಿಂತ ಬಹಳ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ ಸುಮಾರು 200 ಗ್ರಾಂ ಸಕ್ಕರೆ ಹಿಡಿಸಿದರೆ, ಕುದಿಯುವ ನೀರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಹಿಡಿಸುತ್ತದೆ. ಪಾಕ ಆರುತ್ತ ಬಂದಂತೆ ಅಷ್ಟೊಂದು ಸಕ್ಕರೆಯನ್ನು ಇಟ್ಟುಕೊಳ್ಳಲು ನೀರಿಗೆ ಆಗುವುದಿಲ್ಲ. ಹೆಚ್ಚಾದದ್ದು ಹರಳಾಗಿ ಹೊರಗೆ ಬರಲೇಬೇಕು.

ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಕೆಲವೇ ಹರಳುಗಳು ನಿಧಾನವಾಗಿ ದೊಡ್ಡದಾಗಿ ಬೆಳೆಯುತ್ತವೆ. ಅದೇ ಕಲ್ಲುಸಕ್ಕರೆ. ಬಿರುಸಾಗಿ ತಿರುವಿದರೆ ಎಣಿಸಲಾಗದಷ್ಟು ಪುಟ್ಟ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಪಾಕ ಬೆಳ್ಳಗೆ ಕಾಣುತ್ತದೆ. ನಿಂಬೆರಸ ಸಕ್ಕರೆಯ ಒಂದು ಪಾಲನ್ನು ಒಡೆದು, ಹರಳುಗಳು ದಪ್ಪವಾಗದಂತೆ ನೋಡಿಕೊಳ್ಳುತ್ತದೆ. ಅದಕ್ಕೇ ಗೊಂಬೆ ನುಣುಪಾಗಿ ಬರುತ್ತದೆ. ನಿಂಬೆರಸ ಹೆಚ್ಚಾದರೆ ಮಾತ್ರ ಪಾಕ ಗಟ್ಟಿಯಾಗುವುದೇ ಇಲ್ಲ.

ಕಳೆದ ವರ್ಷದ ಪಾಕ

ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಎರಡು ವರ್ಷದಿಂದ ದೃಷ್ಟಿ ಮಂಜಾಗುತ್ತ ಬಂತು. ಕಣ್ಣಿನ ನರದ ತೊಂದರೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಕಳೆದ ಜನವರಿಯಲ್ಲಿ ಅಕ್ಕ ಫೋನ್ ಮಾಡಿ, "ಈ ಸಲ ಅಂಗಡಿಯಿಂದಲೇ ತಂದುಬಿಡಿ ಕಣ್ರೇ. ನನಗೆ ಪಾಕ ಕಾಣಲ್ಲ" ಎಂದರು. ನಾವು ಮೂವರೂ ಏನು ಹೇಳಬೇಕೋ ತಿಳಿಯದೆ ಸುಮ್ಮನಾದೆವು. ಅಷ್ಟು ವರ್ಷ ಜೊತೆಗಿದ್ದರೂ ಆ ಬಾಣಲೆ ನಮ್ಮ ಯಾರ ಕೈಗೂ ಬಂದಿರಲಿಲ್ಲ.

ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ಆರನೇ ತರಗತಿ. ಅವಳೇ ಫೋನಿಗೆ ಬಾಯಿಟ್ಟು, "ದೊಡ್ಡಜ್ಜಿ, ನಾನು ನೋಡಿ ಹೇಳ್ತೀನಿ, ನೀವು ಕೇಳಿಸ್ಕೊಂಡು ಹೇಳಿ" ಎಂದಳು.

ಹಾಗಾಗಿ ಎಲ್ಲರೂ ಪಿರಿಯಾಪಟ್ಟಣಕ್ಕೇ ಹೋದೆವು. ಅಕ್ಕ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಬಾಣಲೆ ನನ್ನ ಕೈಯಲ್ಲಿ, ಮೊಮ್ಮಗಳು ಅಕ್ಕನ ಕುರ್ಚಿ ಹಿಡಿದು ನಿಂತಳು.

"ಗುಳ್ಳೆ ಹೇಗಿದೆ ಪುಟ್ಟಿ?"

"ಸಣ್ಣ ಸಣ್ಣದು, ಬೇಗ ಬೇಗ ಒಡೀತಿದೆ."

"ಹಂಗಾದ್ರೆ ಇನ್ನೂ ನೀರಿದೆ. ಸದ್ದು ಕೇಳು, ತೆಳ್ಳಗಿದೆ. ಆಮೇಲೆ ದಪ್ಪ ಆಗ್ತದೆ."

ನಿಜವಾಗಿಯೂ ಸ್ವಲ್ಪ ಹೊತ್ತಿಗೆ ಸದ್ದು ಭಾರವಾಯಿತು. ಗುಳ್ಳೆಗಳು ದೊಡ್ಡದಾಗಿ, ಸಾವಕಾಶವಾಗಿ ಒಡೆಯತೊಡಗಿದವು. ಅಷ್ಟು ವರ್ಷ ಆ ಸದ್ದಿಗೆ ನಾನು ಕಿವಿಗೊಟ್ಟಿರಲಿಲ್ಲ. ಅಕ್ಕ ತಟ್ಟೆಯ ಮೇಲೆ ಒಂದು ಹನಿ ಹಾಕಿಸಿಕೊಂಡು, ಆರಿದ ಮೇಲೆ ಬೆರಳಿನಲ್ಲಿ ಎಳೆ ತೆಗೆದು, "ಇಳಿಸು, ತಿರುವು" ಎಂದರು.

ಮೊದಲ ಸಲ ಅಚ್ಚಿಗೆ ಹುಯ್ಯುವ ಮೊದಲೇ ಬಾಣಲೆಯಲ್ಲಿ ಗಟ್ಟಿಯಾಯಿತು. ಮೊಮ್ಮಗಳ ಮುಖ ಸಣ್ಣದಾಯಿತು. ಅಕ್ಕ ನಕ್ಕು, "ಸಕ್ಕರೆ ಎಲ್ಲಿಗೂ ಹೋಗಲ್ಲ ಮಗ, ನೀರು ಹಾಕಿ ಮತ್ತೆ ಕಾಯಿಸಿ" ಎಂದರು. ಎರಡನೆಯ ಸಲ ಮಿದುವಾಗಿ, ಬಿಚ್ಚುವಾಗ ಮುರಿಯಿತು. ಮೂರನೆಯ ಸಲ, "ದೊಡ್ಡಜ್ಜಿ, ಅಂಚಲ್ಲಿ ಕೆನೆ ತರ ಬಂತು!" ಎಂದು ಅವಳು ಕೂಗಿದಳು. "ಹುಯ್ಯಿ!" ಎಂದರು ಅಕ್ಕ.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಬ್ಯಾಂಡ್ ಬಿಚ್ಚಿದಾಗ ಗಿಳಿ ಇಡಿಯಾಗಿ ಹೊರಗೆ ಬಂತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತ, "ಕೊಕ್ಕು ಬಂದಿದೆ" ಎಂದರು. ಸಂಜೆಯ ಹೊತ್ತಿಗೆ ಇಪ್ಪತ್ತು ಅಚ್ಚುಗಳನ್ನೂ ಎರಡೆರಡು ಬಾರಿ ತುಂಬಿಸಿದ್ದೆವು. ಕೊನೆಕೊನೆಗೆ ಅಕ್ಕ ಹೇಳುವ ಮೊದಲೇ ಮೊಮ್ಮಗಳು, "ಅಜ್ಜಿ, ಇಳಿಸು" ಎನ್ನುತ್ತಿದ್ದಳು. ಅಕ್ಕ ತಲೆದೂಗುತ್ತಿದ್ದರು, ಅಷ್ಟೇ.

ಬಿಸ್ಕತ್ತಿನ ಮೇಲಿನ ಸಕ್ಕರೆ

ಮೈಸೂರಿನಲ್ಲಿ ಕ್ರಿಸ್‌ಮಸ್ ಸಮಯಕ್ಕೆ ನಕ್ಷತ್ರ, ಗಂಟೆಯ ಆಕಾರದ ಬಿಸ್ಕತ್ತುಗಳ ಮೇಲೆ ಬಣ್ಣದ ಐಸಿಂಗ್ ಬರೆದಿರುವುದನ್ನು ನೀವು ನೋಡಿರಬಹುದು. "ಇದೂ ಅದೇ ಅಲ್ವಾ ಅಜ್ಜಿ?" ಎಂದು ಮೊಮ್ಮಗಳು ಕೇಳಿದಳು. ಹೌದು, ಹತ್ತಿರದ ನೆಂಟರು. ಅಲ್ಲೂ ಸಣ್ಣ ಸಣ್ಣ ಸಕ್ಕರೆ ಹರಳುಗಳೇ ಒತ್ತೊತ್ತಾಗಿ ಕೂತು ಗಟ್ಟಿಯಾಗುವುದು. ಬೆಂಕಿಯ ಬದಲು ಮಿಕ್ಸಿ ಆ ಹರಳುಗಳನ್ನು ಸಣ್ಣದು ಮಾಡುತ್ತದೆ, ಅಷ್ಟೇ. ಒಲೆ ಬೇಡವಾದ್ದರಿಂದ ಇದನ್ನು ಮಕ್ಕಳೇ ಮಾಡಬಹುದು.

ಸಕ್ಕರೆಯನ್ನು ನುಣ್ಣಗೆ ಪುಡಿ ಮಾಡಿಸಿಕೊಂಡು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದು ಬಟ್ಟಲು ಪುಡಿಗೆ ಒಂದು ದೊಡ್ಡ ಚಮಚ ಹಾಲು, ಎರಡು ಹನಿ ನಿಂಬೆರಸ. ಚಮಚದಿಂದ ಎತ್ತಿ ಬಿಟ್ಟರೆ ದಾರದಂತೆ ಇಳಿದು, ಹತ್ತು ಎಣಿಸುವಷ್ಟರಲ್ಲಿ ಮಟ್ಟವಾಗಬೇಕು. ತೆಳುವಾದರೆ ಪುಡಿ ಸೇರಿಸಿ, ಗಟ್ಟಿಯಾದರೆ ಒಂದೊಂದೇ ಹನಿ ಹಾಲು. ಹಾಲಿನ ಬದಲು ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ, ಚಿಟಿಕೆ ಅರಿಶಿನ ಬೆರೆಸಿದರೆ ಹಳದಿ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೆಹೆಂದಿ ಕೋನಿನಂತೆ ಸುತ್ತಿ, ತುದಿ ಕತ್ತರಿಸಿ, ಪೂರ್ತಿ ಆರಿದ ಬಿಸ್ಕತ್ತಿನ ಮೇಲೆ ಬರೆಯಿರಿ. ಬಿಸ್ಕತ್ತು ಬಿಸಿಯಾಗಿದ್ದರೆ ಬರೆದದ್ದು ಹರಿದುಹೋಗುತ್ತದೆ. ಗಟ್ಟಿಯಾಗಲು ಕೆಲವು ಗಂಟೆ ಬೇಕು, ಅಷ್ಟರವರೆಗೆ ಮುಟ್ಟದೆ ಇರುವುದೇ ಕಷ್ಟ.

ಎಲ್ಲೆಲ್ಲಿ ಸಕ್ಕರೆ ಗೊಂಬೆ

ಹಬ್ಬಕ್ಕೆ ಸಕ್ಕರೆಯನ್ನು ಗೊಂಬೆ ಮಾಡುವ ಆಸೆ ನಮ್ಮೊಬ್ಬರದೇ ಅಲ್ಲ. ಉತ್ತರ ಕರ್ನಾಟಕದಲ್ಲಿ ದೀಪಾವಳಿ ಕಳೆದ ಮೇಲಿನ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಗೌರಿಯನ್ನು ಬೆಳಗುತ್ತಾರೆ. ಅವನ್ನೂ ಮರದ ಅಚ್ಚಿನಲ್ಲೇ ಹುಯ್ಯುತ್ತಾರೆ. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಸಕ್ಕರೆಯ ಬೊಂಬೆ, ಕುದುರೆ ಸವಾರ ಬರುತ್ತವೆ. ಮೆಕ್ಸಿಕೋದಲ್ಲಿ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ ಮಾಡಿ ಬಣ್ಣದ ಐಸಿಂಗ್‌ನಲ್ಲಿ ಹೂ ಬರೆಯುತ್ತಾರೆ. ಅಷ್ಟು ದೂರ ಏಕೆ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರು ತಮ್ಮ ಹೊಸ ವರ್ಷವಾದ ಲೋಸಾರ್‌ಗೆ ಹಿಟ್ಟನ್ನು ಬಗೆಬಗೆಯಾಗಿ ಮಡಚಿ, ಕರಿದು, ಖಾಪ್ಸೆ ಎಂಬ ತಿಂಡಿ ಮಾಡಿ ಜೋಡಿಸಿಡುತ್ತಾರೆ. ಇಂಗ್ಲಿಷಿನ 'ಶುಗರ್' ಎಂಬ ಮಾತೂ ನಮ್ಮ 'ಸಕ್ಕರೆ'ಯೂ ಸಂಸ್ಕೃತದ 'ಶರ್ಕರಾ' ಎಂಬ ಒಂದೇ ಬೇರಿನಿಂದ ಬಂದವು.

ಅಟ್ಟದ ಮೇಲೆ ಒಮ್ಮೆ ನೋಡಿ

ನಮ್ಮ ಕಡೆ ಸಂಕ್ರಾಂತಿ ಎಂದರೆ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು, ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಎಳ್ಳು ಬೀರುವುದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಜೊತೆಗೆ ಕಬ್ಬಿನ ತುಂಡು, ಬಾಳೆಹಣ್ಣು, ಮೇಲೊಂದು ಸಕ್ಕರೆ ಅಚ್ಚು. ಒಬ್ಬೊಬ್ಬರಿಗೆ ಒಂದು ಅಚ್ಚು ಸಾಕು. ಸಕ್ಕರೆ ಕಾಯಿಲೆ ಇರುವ ಅಜ್ಜ-ಅಜ್ಜಿಯರು ತಮ್ಮ ಪಾಲನ್ನು ಮೊಮ್ಮಕ್ಕಳ ಕೈಗಿತ್ತು ಒಳ್ಳೆಯ ಮಾತಾಡಿದರೆ ಹಬ್ಬಕ್ಕೆ ಕೊರತೆಯೇನೂ ಇಲ್ಲ.

ಮಕ್ಕಳೇ, ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ, ಮನೆಯಲ್ಲಿ ಮರದ ಅಚ್ಚು ಇದೆಯೇ ಎಂದು. ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಬಟ್ಟೆಯಲ್ಲಿ ಸುತ್ತಿಟ್ಟಿರಬಹುದು. ಸೋಪು ಹಾಕದೆ ಬಿಸಿನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಒಂದು ಹೋಳಿಗೆ ಅದರದೇ ಇನ್ನೊಂದು ಹೋಳನ್ನು ಹುಡುಕಿ ಜೊತೆ ಮಾಡಿ, ಬೇರೆಯದಾದರೆ ಪಾಕ ಸೋರುತ್ತದೆ. ಕೆಲಸ ಮುಗಿದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ ಎತ್ತಿಡಿ, ಬಿಸಿಲಿಗಿಟ್ಟರೆ ಮರ ಸೀಳುತ್ತದೆ.

ಅಜ್ಜ-ಅಜ್ಜಿಯರೇ, ಪಾಕದ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು. ಗುಳ್ಳೆಯ ಸದ್ದು, ಎಳೆಯ ಬಿಗಿ, ಅಂಚಿನ ಕೆನೆ ಇವೆಲ್ಲ ಚೀಟಿಗೆ ಇಳಿಯುವುದಿಲ್ಲ. ಒಂದು ಮಧ್ಯಾಹ್ನ ಮಗುವನ್ನು ಒಲೆಯಿಂದ ಒಂದು ಮಾರು ದೂರ ನಿಲ್ಲಿಸಿಕೊಂಡು, "ಏನು ಕಾಣ್ತಿದೆ ಹೇಳು" ಎಂದು ಕೇಳಿ. ಒಂದು ಕಿಲೋ ಸಕ್ಕರೆ ಸಾಕು. ಕೆಟ್ಟರೆ ನೀರು ಹಾಕಿ ಮತ್ತೆ ಕಾಯಿಸಿ.