ಒಂದು ಫೋಟೋಗೆ ಎಷ್ಟು ಕೋಟಿ ಹನಿ?

ಪುಣೆಯ ಪಾಸ್‌ಪೋರ್ಟ್ ಫೋಟೋ ಅಂಗಡಿಗಳಲ್ಲಿ ಮೂಲೆಯ ಮೇಜಿನ ಮೇಲೆ ಒಂದು ಕಪ್ಪು ಪ್ರಿಂಟರ್, ಅದರ ಮಗ್ಗುಲಿಗೆ ಆರು ಬಣ್ಣದ ಶಾಯಿ ಟ್ಯಾಂಕು ಕಾಣಿಸುತ್ತದೆ. ಎಷ್ಟೋ ಕಡೆ ಅದು ಎಪ್ಸನ್ ಎಲ್805, ಇಲ್ಲವೇ ಅದರ ನಂತರ ಬಂದ ಎಲ್8050. ಮನೆಗೊಂದು ಫೋಟೋ ಪ್ರಿಂಟರ್ ಬೇಕೆಂದು ಹೊರಟವರ ಕಣ್ಣೂ ಮೊದಲು ಇಂಥದರ ಮೇಲೇ ಬೀಳುತ್ತದೆ. ವಿವರದ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ: 5760×1440 ಡಿಪಿಐ, 1.5 ಪಿಕೊಲೀಟರ್. ಜನ ಅದನ್ನು ಓದಿ, ಅರ್ಥವಾದವರಂತೆ ತಲೆಯಾಡಿಸಿ, ಬೆಲೆ ಕೇಳುತ್ತಾರೆ. ಬೆಲೆ ಆಮೇಲೆ ನೋಡೋಣ.

ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೊಲೀಟರ್. ಅಂಥ ಒಂದೂವರೆ ಪಾಲಿನ ಹನಿಯ ಅಡ್ಡಳತೆ ಸುಮಾರು 14 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಐದನೇ ಒಂದು ಭಾಗ. ಎಲ್805ಕ್ಕೆ ಸುರಿಯುವ ಒಂದು ಬಾಟಲಿಯಲ್ಲಿ 70 ಮಿ.ಲೀ. ಶಾಯಿ ಇರುತ್ತದೆ. ಅಷ್ಟನ್ನೂ ಈ ಅಳತೆಯ ಹನಿಗಳಾಗಿ ಒಡೆದರೆ 4,667 ಕೋಟಿ ಹನಿ! ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ 1,479 ವರ್ಷ ಬೇಕು. 543ರಲ್ಲಿ ಮೊದಲನೇ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದನಲ್ಲ, ಆಗ ಎಣಿಸಲು ಕೂತಿದ್ದರೆ ಈಚೆಗೆ ತಾನೇ ಮುಗಿಯುತ್ತಿತ್ತು. ಅದೂ ಒಂದೇ ಬಾಟಲಿ; ಯಂತ್ರಕ್ಕೆ ಬೇಕಾದದ್ದು ಆರು.

ಆ ಆರು ಬಾಟಲಿಯ 420 ಮಿ.ಲೀ. ಶಾಯಿಯಲ್ಲಿ 4×6 ಇಂಚಿನ 1,800 ಫೋಟೋ ಬರುತ್ತವೆ ಎಂಬುದು ಕಂಪನಿಯ ಲೆಕ್ಕ. ಹಾಗಾದರೆ ಒಂದು ಫೋಟೋಗೆ ಕಾಲು ಮಿ.ಲೀ.ಗಿಂತ ಕಡಿಮೆ. ಎಲ್ಲವೂ ಅತಿ ಚಿಕ್ಕ ಹನಿಗಳೇ ಆಗಿದ್ದರೆ ಅದು ಹದಿನೈದೂವರೆ ಕೋಟಿ ಹನಿ. ಕಪ್ಪು ಕೂದಲು, ಕಡುನೀಲಿ ಸೀರೆ ಬಂದಲ್ಲಿ ಯಂತ್ರ ದೊಡ್ಡ ಹನಿ ಬಿಡುವುದರಿಂದ ನಿಜವಾದ ಸಂಖ್ಯೆ ಕಡಿಮೆಯೇ, ಆದರೂ ಕೋಟಿಗಳಲ್ಲೇ. ಶಾಯಿ ಉಗುಳುವ ಹೆಡ್ಡಿನಲ್ಲಿ ಬಣ್ಣಕ್ಕೆ 90ರಂತೆ ಒಟ್ಟು 540 ನಾಜಲ್, ಅಂದರೆ ಸಣ್ಣ ರಂಧ್ರ. ನಿಮಿಷಕ್ಕೊಂದು ಫೋಟೋ ತೆಗೆದರೆ, ಆ ಹದಿನೈದೂವರೆ ಕೋಟಿಯ ಲೆಕ್ಕದಲ್ಲಿ ಒಂದೊಂದು ನಾಜಲ್ ಸೆಕೆಂಡಿಗೆ ಸುಮಾರು 4,800 ಸಲ ಹನಿ ಉಗುಳಬೇಕು. ಪ್ರತಿ ಸಲವೂ ಒಳಗೆ ಒಂದು ಸ್ಫಟಿಕದ ತುಣುಕು ವಿದ್ಯುತ್ತಿಗೆ ಕೂದಲೆಳೆಯಷ್ಟೂ ಅಲ್ಲದಷ್ಟು ಬಾಗಿ ಶಾಯಿಯನ್ನು ತಳ್ಳುತ್ತದೆ. ಎಪ್ಸನ್ನಿನ ರೀತಿ ಇದು; ಎಚ್‌ಪಿ ಮತ್ತು ಕ್ಯಾನನ್ನಿನ ಮನೆಬಳಕೆಯ ಯಂತ್ರಗಳು ಶಾಯಿಯನ್ನು ಕಾಯಿಸಿ, ಎದ್ದ ಗುಳ್ಳೆಯಿಂದ ಹನಿ ಚಿಮ್ಮಿಸುತ್ತವೆ. 1984ರ ಎಚ್‌ಪಿ ಥಿಂಕ್‌ಜೆಟ್‌ಗೆ ಇದ್ದದ್ದು ಬರೀ 12 ನಾಜಲ್.

ಇನ್ನು ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. 4×6 ಫೋಟೋ ಚೊಕ್ಕವಾಗಿ ಕಾಣಲು 1200×1800 ಪಿಕ್ಸೆಲ್ ಸಾಕು, ಅಂದರೆ ಸುಮಾರು 22 ಲಕ್ಷ. ಅದೇ ಹಾಳೆಯಲ್ಲಿ ಯಂತ್ರ ಹನಿ ಇಡಬಲ್ಲ ಜಾಗಗಳು ಹೆಚ್ಚುಕಡಿಮೆ ಇಪ್ಪತ್ತು ಕೋಟಿ. ಒಂದು ಪಿಕ್ಸೆಲ್ಲಿಗೆ 92 ಜಾಗ! ಇಷ್ಟು ಯಾಕೆ ಬೇಕೆಂದರೆ, ಪಾಪ, ಪ್ರಿಂಟರಿನ ಹತ್ತಿರ ಇರುವುದು ಆರೇ ಶಾಯಿ. ಗೋಧಿ ಮೈಬಣ್ಣದ ಶಾಯಿ ಯಾವ ಬಾಟಲಿಯಲ್ಲೂ ಇಲ್ಲ. ಆ 92 ಜಾಗಗಳಲ್ಲಿ ಎಲ್ಲಿ ಹಳದಿ, ಎಲ್ಲಿ ತಿಳಿಗೆಂಪು, ಎಲ್ಲಿ ಖಾಲಿ ಬಿಳಿ ಎಂದು ಹಂಚಿ ಕಣ್ಣನ್ನು ನಂಬಿಸಬೇಕು. ಮದುವೆ ಫೋಟೋದ ಕೆನ್ನೆಯ ಮೇಲೆ ಒಳ್ಳೆಯ ಭೂತಗನ್ನಡಿ ಇಟ್ಟು ನೋಡಿ: ಮುಖ ಮಾಯವಾಗಿ ಚುಕ್ಕೆಗಳ ಸಂತೆ ಉಳಿಯುತ್ತದೆ. ಆದ್ದರಿಂದ 5760 ಎಂದರೆ ಅಷ್ಟು ಪಟ್ಟು ಸ್ಪಷ್ಟ ಚಿತ್ರ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚುಕ್ಕೆಯ ಈ ಕಸುಬು ಪುಣೆ ಸೀಮೆಗೆ ಹೊಸದಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರರು 1878ರಲ್ಲಿ ಇಲ್ಲಿ ಚಿತ್ರಶಾಲಾ ಪ್ರೆಸ್ ಆರಂಭಿಸಿದ್ದರು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಪ್ರೆಸ್ಸು ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಬಂತು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಭಾರದ ಕಲ್ಲು. ಕಲ್ಲಿನ ಮೇಲೆ ಕುಶಲಕರ್ಮಿಗಳು ಕೈಯಿಂದಲೇ ಚುಕ್ಕೆ ಇಡಬೇಕು. ಹಾಳೆ ಬಣ್ಣಕ್ಕೊಮ್ಮೆ ಯಂತ್ರದೊಳಗೆ ಹೋಗಿ ಬರಬೇಕು. ನಮ್ಮ ಅಜ್ಜಿಯರ ದೇವರಮನೆಯ ಲಕ್ಷ್ಮಿ, ಸರಸ್ವತಿಯರು ಹಾಗೆ ಮೂಡಿದವರು.

ಪ್ರಿಂಟರ್ ಕೊಳ್ಳುವಾಗ ನಾನು ಕೇಳುವ ಸಂಖ್ಯೆ ಬೇರೆ: ವಾರಕ್ಕೆ ಎಷ್ಟು ಪ್ರಿಂಟ್ ತೆಗೆಯುತ್ತೀರಿ? ಏಪ್ರಿಲ್ಲಿನ ಪುಣೆಯ ಒಣ ಬಿಸಿಲಲ್ಲಿ ಪ್ರಿಂಟರ್ ವಾರಗಟ್ಟಲೆ ಸುಮ್ಮನೆ ಕೂತರೆ ಅಷ್ಟು ಸಣ್ಣ ನಾಜಲ್‌ಗಳ ಬಾಯಲ್ಲಿ ಶಾಯಿ ಒಣಗುತ್ತದೆ. ‘ನಾಜಲ್ ಚೆಕ್’ ತೆಗೆದರೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಮೂಡುತ್ತವೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿನ ನಾಜಲ್ ಕಟ್ಟಿದೆ ಎಂದರ್ಥ. ಹಳದಿ ಗೆರೆ ಬಿಳಿ ಹಾಳೆಯ ಮೇಲೆ ಸುಲಭಕ್ಕೆ ಕಾಣದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಆಮೇಲೆ ಹೆಡ್ ಕ್ಲೀನಿಂಗ್. ಅದಕ್ಕೆ ಹೀರಿದ ಶಾಯಿ ಫೋಟೋಗಲ್ಲ, ಯಂತ್ರದ ಹೊಟ್ಟೆಯಲ್ಲಿರುವ ಸ್ಪಂಜಿನಂಥ ಪ್ಯಾಡಿಗೆ ಹೋಗುತ್ತದೆ. ಪ್ಯಾಡು ತುಂಬಿತೆಂದು ಕೌಂಟರ್ ಹೇಳಿದ ದಿನ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ.

ಈಗ ದುಡ್ಡು. ಮೂರು-ನಾಲ್ಕು ಸಾವಿರಕ್ಕೆ ಸಿಗುವ ಕಾರ್ಟ್ರಿಜ್ ಪ್ರಿಂಟರನ್ನು ಫೋಟೋಗೆ ಕೊಳ್ಳಲೇಬೇಡಿ. ನಾಲ್ಕೂವರೆ ಮಿ.ಲೀ. ಶಾಯಿಗೆ ಒಂಬೈನೂರು ರೂಪಾಯಿ ಕೊಟ್ಟರೆ ಲೀಟರಿಗೆ ಎರಡು ಲಕ್ಷ ಬಿತ್ತು! ಟ್ಯಾಂಕ್ ಪ್ರಿಂಟರಿನಲ್ಲಿ ಶಾಯಿ ಅಗ್ಗ, ಕಾಗದವೇ ತುಟ್ಟಿ. ಗ್ಲಾಸಿ ಹಾಳೆಗೆ ನಾಲ್ಕು, ಶಾಯಿಗೆ ಎರಡು ರೂಪಾಯಿ ಹಿಡಿಯೋಣ. ಸ್ಟುಡಿಯೊದಲ್ಲಿ ಹತ್ತು ರೂಪಾಯಿ ಎಂದರೆ ಫೋಟೋಗೆ ಉಳಿಯುವುದು ನಾಲ್ಕು. ಆರು ಬಣ್ಣದ ಯಂತ್ರದ ಇಪ್ಪತ್ತು ಸಾವಿರ ಹುಟ್ಟಲು ಐದು ಸಾವಿರ ಫೋಟೋ ತೆಗೆಯಬೇಕು. ವಾರಕ್ಕೆ ಐದರಂತೆ ತೆಗೆದರೆ ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ತೊಟ್ಟಿಲ ಫೋಟೋದ ಮಗು ಕಾಲೇಜಿಗೆ ಹೋಗುತ್ತಿರುತ್ತದೆ.

ಮನೆಗೆ ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರೇ ಸಾಕೆಂಬುದು ನನ್ನ ಮತ. ಎಪ್ಸನ್ ಎಲ್3250ನಂಥದಕ್ಕೆ ಹನಿ 3 ಪಿಕೊಲೀಟರ್, ನಾಜಲ್ 357. ಕೆನ್ನೆಯ ನುಣುಪಿನಲ್ಲಿ ತುಸು ಹಿಂದೆ, ನಿಜ. ಆದರೆ ಆಲ್ಬಮ್ಮಿನಲ್ಲಿ ಇಟ್ಟು ನೋಡುವವರಿಗೆ ಅದು ಗೊತ್ತಾಗುವುದು ಕಷ್ಟ. ಮೇಲಾಗಿ ಆಧಾರ್ ಜೆರಾಕ್ಸು, ಮಕ್ಕಳ ಪ್ರಾಜೆಕ್ಟು ಎಂದು ಅದಕ್ಕೆ ದಿನವೂ ಕೆಲಸ ಇರುತ್ತದೆ. ಆರು ಬಣ್ಣದ್ದು ಅಂಗಡಿಗೇ ಸರಿ: ದಿನಕ್ಕೆ ಮೂವತ್ತು ಹಾಳೆ, ಹಾಳೆಗೆ ಎಂಟು ಪಾಸ್‌ಪೋರ್ಟ್ ಫೋಟೋ. ಅಲ್ಲಿ ಆ ಐದು ಸಾವಿರ ಹಾಳೆ ಆರು ತಿಂಗಳೊಳಗೆ ಖಾಲಿ, ನಾಜಲ್ ಒಣಗುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ.