ಹೊಸ ಎಸ್‌ಎಸ್‌ಡಿಗೆ ಹಳೇ ಎಕ್ಸ್‌ಪಿ: ಯಾಕೆ ಹತ್ತಲ್ಲ?

ಅಂಗಡಿಯ ಹಳೇ ಲೆಕ್ಕವೆಲ್ಲ ವಿಂಡೋಸ್ ಎಕ್ಸ್‌ಪಿ ಕಾಲದ ಸಾಫ್ಟ್‌ವೇರ್‌ನಲ್ಲಿದೆ, ಕಂಪ್ಯೂಟರ್ ಕೆಟ್ಟಿದೆ. ಏನ್ ಮಾಡೋದು? ಬಿಕಾಂ ಓದಿರೋ ನನಗೆ ಈ ಪ್ರಶ್ನೆ ಆಗಾಗ ಬರುತ್ತೆ.

ಹೊಸ ಲ್ಯಾಪ್‌ಟಾಪ್‌ಗೆ ಎಕ್ಸ್‌ಪಿ ಹಾಕೋಕೆ ಹೋದ್ರೆ ನೀಲಿ ಪರದೆ ಬರಬಹುದು, ಇಲ್ಲಾ ಹಾರ್ಡ್ ಡಿಸ್ಕೇ ಇಲ್ಲ ಅನ್ನಬಹುದು. ಡ್ರೈವ್ ಕೆಟ್ಟಿದೆ ಅಂತಲ್ಲ. 2001ರ ಎಕ್ಸ್‌ಪಿಗೆ ಐಡಿಇ ಡಿಸ್ಕ್ ಗೊತ್ತು. ಇಂದಿನ ಎಎಚ್‌ಸಿಐ, ಎನ್‌ವಿಎಂಇ ಡ್ರೈವ್‌ಗಳಿಗೆ ಬೇಕಾದ ಡ್ರೈವರ್ ಅದರ ಸಿಡಿಯಲ್ಲೇ ಇಲ್ಲ. ಆಗೆಲ್ಲ ಹೊಸ ಡಿಸ್ಕ್ ಬಂದ್ರೆ ಎಫ್‌6 ಒತ್ತಿ, ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು.

ಸುಲಭದ ದಾರಿ ವರ್ಚುವಲ್‌ಬಾಕ್ಸ್. ಅದರೊಳಗೆ ಡಿಸ್ಕ್ ಅಂದ್ರೆ ಒಂದು ಫೈಲ್ ಅಷ್ಟೇ. 10 ಜಿಬಿ ಸಾಕು. ಸ್ಟೋರೇಜ್ ಕಂಟ್ರೋಲರ್ ಮಾತ್ರ ಐಡಿಇ ಇರಲಿ, ಸಾಟಾ ಬೇಡ. ನಿಮ್ಮ ಹಳೇ ಸಿಡಿ, ಕೀ ಬಳಸಿ ಇನ್‌ಸ್ಟಾಲ್ ಮಾಡಿ.

ಎರಡು ಮಾತು ನೆನಪಿರಲಿ. ಮೊದಲು ಹಳೇ ಹಾರ್ಡ್ ಡಿಸ್ಕ್‌ನ ಡೇಟಾ ಕಾಪಿ ಮಾಡಿಟ್ಕೊಳ್ಳಿ, ಆ ಕಾಪಿ ಮೇಲಷ್ಟೇ ಕೆಲಸ ಮಾಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಹಾಗಾಗಿ ಅದರ ನೆಟ್‌ವರ್ಕ್ ಆಫ್ ಮಾಡಿ. ಲೆಡ್ಜರ್ ತೆರೆದುಕೊಂಡ ಮೇಲೆ ಎಕ್ಸೆಲ್‌ಗೋ ಪ್ರಿಂಟ್‌ಗೋ ತೆಗೆದಿಡಿ. ಉಳಿಸಬೇಕಾದದ್ದು ಎಕ್ಸ್‌ಪಿ ಅಲ್ಲ, ಲೆಕ್ಕ.